ಅಂಗಿಯ ಮೇಲಿನ ಕೋತಿ: ಸಮರೂಪತೆಯ ಪಾಠವೊಂದು ದಾರಿ ಬದಲಿಸಿದ ಬಗೆ

ತರಗತಿ: 10. ವಿಷಯ: ಗಣಿತ. ಘಟಕ: ತ್ರಿಭುಜಗಳು. ಉಪಘಟಕ: ಸಮರೂಪ ಆಕೃತಿಗಳು. ಅವಧಿ: 40 ನಿಮಿಷಗಳ ಮೂರು ಪಾಠಗಳು. ಸ್ಥಳ: ಬಸವೇಶ್ವರನಗರದ ಸಮೀಪದ ಒಂದು ಪ್ರೌಢಶಾಲೆ.

ನನ್ನ ಪಾಠಯೋಜನೆಯ 'ತೊಡಗಿಸಿಕೊಳ್ಳುವಿಕೆ' ಹಂತದಲ್ಲಿ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ಅದರದೇ ದೊಡ್ಡ ಪ್ರತಿ ಮತ್ತು ಅಡ್ಡಕ್ಕೆ ಎಳೆದು ವಿಕಾರಗೊಳಿಸಿದ ಇನ್ನೊಂದು ಪ್ರತಿ ಎಂದು ಬರೆದುಕೊಂಡಿದ್ದೆ. ಮೂರನ್ನೂ ತೋರಿಸಿ ಯಾವುದು ಸಮರೂಪ, ಯಾವುದು ಅಲ್ಲ ಎಂದು ಕೇಳುವುದು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಹೀಗೇ ಶುರುಮಾಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ.

ಆ ದಿನ ತರಗತಿಯ ಒಬ್ಬ ಹುಡುಗನ ಹುಟ್ಟುಹಬ್ಬ. ಆ ಶಾಲೆಯಲ್ಲಿ ಹುಟ್ಟುಹಬ್ಬದವರು ಮಾತ್ರ ಕಲರ್ ಡ್ರೆಸ್ ಹಾಕಿಕೊಂಡು ಬರಬಹುದು. ಕಪ್ಪು ಟೀ ಶರ್ಟ್, ಎದೆಯ ತುಂಬ ಕೋತಿಯ ತಲೆ. ಚಾಕೊಲೇಟ್ ಡಬ್ಬಿ ಹಿಡಿದು ನನ್ನ ಬಳಿಗೂ ಬಂದ. ಕಣ್ಣೆದುರಿಗೇ ಬೋಧನೋಪಕರಣ ಇರುವಾಗ ಚೀಲದಲ್ಲಿರುವ ಫೋಟೊ ಯಾಕೆ ಎಂದುಕೊಂಡು ಅವನನ್ನು ಮುಂದೆ ನಿಲ್ಲಿಸಿದೆ. ಒಂದೇ ಚಿತ್ರ ಲೇಬಲ್ ಮೇಲೆ ಸಣ್ಣದಾಗಿ, ಎದೆಯ ಮೇಲೆ ದೊಡ್ಡದಾಗಿ ಇರುವುದನ್ನು ತೋರಿಸುವುದು ನನ್ನ ಉದ್ದೇಶವಾಗಿತ್ತು. ಆದರೆ ಬಾಯಿಂದ ಬಂದ ಪ್ರಶ್ನೆ ಬೇರೆ: "ಏನಪ್ಪಾ, ಇದು ಒರಿಜಿನಲ್ಲಾ, ಡೂಪ್ಲಿಕೇಟಾ?"

ತರಗತಿ ನಕ್ಕಿತು. "ವಿಜಯನಗರ ಮಾರ್ಕೆಟ್ ಮಿಸ್, ನೂರೈವತ್ತು ರೂಪಾಯಿ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಹುಡುಗನೂ ನಕ್ಕ ಹಾಗೆ ಮಾಡಿ ಹೋಗಿ ಕುಳಿತ. ಉಳಿದ ಅವಧಿಯುದ್ದಕ್ಕೂ ಚೀಲವನ್ನು ಎದೆಗೆ ಅವುಚಿಕೊಂಡೇ ಇದ್ದ. ನಾನು ಸರ್ವಸಮ ಮತ್ತು ಸಮರೂಪಗಳ ವ್ಯತ್ಯಾಸ ಹೇಳಿ, ವ್ಯಾಖ್ಯೆ ಬರೆಸಿ, ಗಂಟೆ ಹೊಡೆಯುವ ಮೊದಲೇ ಮನೆಗೆಲಸವನ್ನೂ ಕೊಟ್ಟೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಿ ಮೇಡಂ ಬರೆದ ಮೊದಲ ಸಾಲು: 'ಪೀಠಿಕೆ ಆಕರ್ಷಕವಾಗಿತ್ತು.' ಅವರು ತರಗತಿಯ ಹಿಂದೆ ಕುಳಿತಿದ್ದರು; ಅಲ್ಲಿಂದ ಕಂಡದ್ದು ಮಕ್ಕಳ ನಗು. ಹುಡುಗನ ಮುಖ ಕಂಡದ್ದು ನನಗೊಬ್ಬಳಿಗೇ.

ಗಣಿತದ ದೃಷ್ಟಿಯಿಂದಲೂ ನನ್ನ ಪ್ರಶ್ನೆ ಕೆಟ್ಟದ್ದು. ಸಮರೂಪತೆ ಕೇಳುವುದು ಆಕಾರವನ್ನು, ಬೆಲೆಯನ್ನಲ್ಲ. ಅಸಲಿ ಅಂಗಿಯ ಕೋತಿಗೂ ಮಾರ್ಕೆಟ್ಟಿನ ಕೋತಿಗೂ ಅನುರೂಪ ಅಳತೆಗಳ ಅನುಪಾತ ಒಂದೇ ಇದ್ದರೆ ಅವೆರಡೂ ಸಮರೂಪ. ವಿಷಯ ಅಲ್ಲಿಗೆ ಮುಗಿಯಿತು.

ಆ ರಾತ್ರಿ ಕೋತಿಯ ಕಥೆಯನ್ನು ಓದಿಕೊಂಡೆ. ಟೋಕಿಯೊ ನಗರದ ಹರಾಜುಕು ಎಂಬಲ್ಲಿ 1993ರಲ್ಲಿ ನಿಗೊ ಎಂಬ ಯುವಕ ಆರಂಭಿಸಿದ ಬಟ್ಟೆ ಬ್ರ್ಯಾಂಡ್ 'ಎ ಬೇಥಿಂಗ್ ಏಪ್'. ಅದರ ಗುರುತು 'ಪ್ಲಾನೆಟ್ ಆಫ್ ದಿ ಏಪ್ಸ್' ಚಲನಚಿತ್ರದಿಂದ ಪ್ರೇರಿತವಾದ ವಾನರನ ತಲೆ. ಮೊದಮೊದಲು ಅಂಗಿಗಳನ್ನು ಬಹಳ ಕಡಿಮೆ ಸಂಖ್ಯೆಯಲ್ಲಿ ಮಾಡುತ್ತಿದ್ದರು. ಹಾಡುಗಾರರು, ಸ್ನೇಹಿತರು ಹಾಕಿಕೊಂಡದ್ದನ್ನು ನೋಡಿ ಉಳಿದವರಿಗೆ ಬೇಕೆನಿಸಿತು, ಸಿಗಲಿಲ್ಲ, ಇನ್ನಷ್ಟು ಬೇಕೆನಿಸಿತು. 2011ರಲ್ಲಿ ಹಾಂಗ್‌ಕಾಂಗ್‌ನ ಕಂಪನಿಯೊಂದು ಬ್ರ್ಯಾಂಡನ್ನೇ ಕೊಂಡುಕೊಂಡಿತು. ಅಲ್ಲಿಂದ ವಿಜಯನಗರದವರೆಗೆ ಕೋತಿ ಬಂದದ್ದು ಕಂಪನಿಯ ಅಂಗಡಿಗಳ ಮೂಲಕ ಅಲ್ಲ, ನಕಲುಗಳ ಮೂಲಕ. ನನ್ನ ಹುಡುಗನಿಗೆ ಬ್ರ್ಯಾಂಡಿನ ಹೆಸರು ಗೊತ್ತಿರಲಿಲ್ಲ. "ಕೋತಿ ಮಿಸ್, ಚೆನ್ನಾಗಿತ್ತು, ತಗೊಂಡೆ," ಎಂದಿದ್ದ. ಹೆಸರು ಬೇಡ, ಕಂಪನಿ ಬೇಡ, ಚಿತ್ರವೊಂದೇ ಸಾಕು ಎನ್ನುವ ಸ್ಥಿತಿಗೆ ಒಂದು ಚಿತ್ರ ತಲುಪುವುದು ಹೇಗೆ? ಉಳಿದ ಎರಡು ಪಾಠಗಳನ್ನು ಈ ಪ್ರಶ್ನೆಯ ಮೇಲೆ ಮತ್ತೆ ಕಟ್ಟಿದೆ. ಪಠ್ಯ ಬಿಟ್ಟು ಹೋಗಬಾರದು ಎಂಬ ಷರತ್ತಿನ ಮೇಲೆ ಮೇಡಂ ಒಪ್ಪಿದರು.

ಉದಾಹರಣೆಗೆ ಜಪಾನಿನ ತನಕ ಹೋಗಬೇಕಾಗಿರಲಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಒಬ್ಬರೇ ಇಂಥ ಎರಡು ಚಿತ್ರಗಳನ್ನು ದೇಶಕ್ಕೆ ಕೊಟ್ಟಿದ್ದಾರೆ. ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು; ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಓದಿದರು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಚಿತ್ರ ಬರೆದರು. ಮುಂದೆ ಟೈಮ್ಸ್ ಆಫ್ ಇಂಡಿಯಾ ಸೇರಿದರು. ಅಲ್ಲಿ 1951ರಲ್ಲಿ ಅವರ ದಿನನಿತ್ಯದ ಚಿಕ್ಕ ವ್ಯಂಗ್ಯಚಿತ್ರ ಶುರುವಾಯಿತು. ಅದರಲ್ಲಿ ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕದ 'ಕಾಮನ್ ಮ್ಯಾನ್', ನಮ್ಮ ಶ್ರೀಸಾಮಾನ್ಯ. ಮೂರು ವರ್ಷದ ನಂತರ, 1954ರಲ್ಲಿ, ಏಷ್ಯನ್ ಪೇಂಟ್ಸ್ ಕಂಪನಿಗೆ ಅವರು ಬರೆದುಕೊಟ್ಟ ತುಂಟ ಹುಡುಗ 'ಗಟ್ಟು': ಹಣೆಯ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಕುಂಚ, ಬಣ್ಣದ ಡಬ್ಬಿ. ಆ ಹೆಸರನ್ನು ಆರಿಸಿದ್ದು ಸಾರ್ವಜನಿಕರಿಗೆ ಏರ್ಪಡಿಸಿದ್ದ ಸ್ಪರ್ಧೆಯ ಮೂಲಕ.

ಶ್ರೀಸಾಮಾನ್ಯ ಹೇಗೆ ಹುಟ್ಟಿದ ಎಂಬುದನ್ನು ಲಕ್ಷ್ಮಣ್ ತಾವೇ ಹೇಳಿಕೊಂಡಿದ್ದಾರೆ. ಮೊದಲು ಅವರು ಬಂಗಾಳಿ, ತಮಿಳ, ಪಂಜಾಬಿ ಎಂದು ಬೇರೆಬೇರೆ ಪ್ರಾಂತದವರನ್ನು ಒಂದೇ ಚಿತ್ರದಲ್ಲಿ ತುಂಬುತ್ತಿದ್ದರು. ದಿನವೂ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು ಮೀರುತ್ತಿತ್ತು. ಒಬ್ಬೊಬ್ಬರನ್ನಾಗಿ ಬಿಡುತ್ತಾ ಹೋಗಿ ಕೊನೆಗೆ ಒಬ್ಬ ಉಳಿದ. ನಾನು ಇದನ್ನು ಹೇಳಿದಾಗ ಮುಂದಿನ ಬೆಂಚಿನ ಹುಡುಗಿ, "ಅಂದ್ರೆ ಟೈಮ್ ಇಲ್ದೆ ಬಂದಿದ್ದಾ ಮಿಸ್?" ಎಂದಳು. ಹೌದು, ಹಾಗೆಯೇ. ಸಮಯದ ಅಭಾವ ಅನಗತ್ಯವಾದದ್ದನ್ನೆಲ್ಲ ಕಿತ್ತುಹಾಕಿತು.

ಎರಡನೆಯ ಪಾಠದ ಮುಖ್ಯ ಚಟುವಟಿಕೆ ಇದು. ಮೂರು ಚಿತ್ರ ತೆಗೆದುಕೊಂಡೆ: ಶ್ರೀಸಾಮಾನ್ಯ, ಗಟ್ಟು, ಕೋತಿ. ಪ್ರತಿ ಚಿತ್ರಕ್ಕೆ ಎಂಟು ಮಕ್ಕಳ ಸಾಲು. ಮೊದಲನೆಯವರಿಗೆ ಮೂಲಚಿತ್ರವನ್ನು ಹತ್ತು ಸೆಕೆಂಡು ತೋರಿಸಿ ಮುಚ್ಚುವುದು. ಅವರು ನೆನಪಿನಿಂದ ಬರೆಯುವುದು. ಎರಡನೆಯವರಿಗೆ ಮೊದಲನೆಯವರ ಚಿತ್ರ ಮಾತ್ರ. ಹೀಗೆ ಎಂಟನೆಯವರ ತನಕ. ನಮ್ಮ ಮನೋವಿಜ್ಞಾನದ ಪತ್ರಿಕೆಯಲ್ಲಿ ಬಾರ್ಟ್ಲೆಟ್ ಹೆಸರು ಓದಿರುತ್ತೀರಿ; ಕೇಂಬ್ರಿಜ್‌ನ ಈ ಮನೋವಿಜ್ಞಾನಿ ತಮ್ಮ 1932ರ ಪುಸ್ತಕದಲ್ಲಿ ವಿವರಿಸಿದ ವಿಧಾನವೇ ಇದು. ಅವರ ಪ್ರಯೋಗದಲ್ಲಿ ಪ್ರಾಚೀನ ಈಜಿಪ್ಟಿನ ಶೈಲಿಯ ಗೂಬೆಯ ಚಿತ್ರವೊಂದು ಕೈಯಿಂದ ಕೈಗೆ ದಾಟುತ್ತ ಕೊನೆಗೆ ಬೆಕ್ಕಾಯಿತು. ನಾವು ಪರೀಕ್ಷೆಗೆಂದು ಎರಡು ಸಾಲು ಬಾಯಿಪಾಠ ಮಾಡುವುದನ್ನು ಮಕ್ಕಳು ಹದಿನೈದು ನಿಮಿಷದಲ್ಲಿ ಮಾಡಿ ತೋರಿಸಿದರು.

ಕೋತಿ ಐದನೆಯ ಕೈಗೆ ಬರುವಷ್ಟರಲ್ಲಿ ಸಿಂಹವಾಗಿತ್ತು, ಎಂಟನೆಯದರಲ್ಲಿ ಗಡ್ಡದ ತಾತ. ಅದರ ಮುಖದ ನೆರಳುಗಳು, ಮೂಗಿನ ಪಕ್ಕದ ಗೆರೆಗಳು ಎರಡನೆಯ ಹಾಳೆಯಲ್ಲೇ ಮಾಯ. ಗಟ್ಟುವಿನ ಕುಂಚ ಕೊನೆಯ ತನಕ ಉಳಿಯಿತು, ಕೂದಲೂ ಉಳಿಯಿತು, ಡಬ್ಬಿ ಮಾತ್ರ ನಡುವೆ ಎಲ್ಲೋ ಬಕೆಟ್ಟಾಯಿತು. ಶ್ರೀಸಾಮಾನ್ಯನದು ಆಶ್ಚರ್ಯ. ಎಂಟನೆಯ ಹಾಳೆಯಲ್ಲಿ ಅವನ ಕಾಲು ಕೈಗಿಂತ ಗಿಡ್ಡ, ತಲೆ ಕುಂಬಳಕಾಯಿ. ಆದರೂ ಎರಡು ದುಂಡು ಕನ್ನಡಕ, ಮೀಸೆ, ಕಿವಿಯ ಪಕ್ಕ ಕೆದರಿದ ಕೂದಲು, ಚೌಕಳಿ ಕೋಟು. ಯಾರು ನೋಡಿದರೂ ಅವನೇ.

ಆಗ ಬಂದ ಪ್ರಶ್ನೆಯೇ ಈ ಲೇಖನ ಬರೆಯಲು ಕಾರಣ. ಹಿಂದಿನ ದಿನ ಮಾರ್ಕೆಟ್ ಎಂದು ಕೂಗಿದ ಹುಡುಗನೇ ಕೇಳಿದ: "ಮಿಸ್, ನಿನ್ನೆ ನೀವು ಅನುಪಾತ ಒಂದೇ ಇದ್ರೆ ಸಮರೂಪ ಅಂದ್ರಿ. ಇದ್ರಲ್ಲಿ ಯಾವ ಅನುಪಾತಾನೂ ಸರಿ ಇಲ್ಲ. ಆದ್ರೂ ಅವನೇ ಅಂತ ಗೊತ್ತಾಗ್ತಿದೆ. ಹಾಗಾದ್ರೆ ಇದು ಸಮರೂಪಾನಾ, ಅಲ್ವಾ?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಒಳ್ಳೆ ಪ್ರಶ್ನೆ, ನಾಳೆ ಮಾತಾಡೋಣ," ಎಂದೆ. ಆ ಮಾತಿನ ಅರ್ಥ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಮರುದಿನ ಹೇಳಿದ್ದು ಇಷ್ಟು. ಗಣಿತದ ಪ್ರಕಾರ ಅದು ಸಮರೂಪವಲ್ಲ. ಸಮರೂಪತೆ ಕಟ್ಟುನಿಟ್ಟು: ಪ್ರತಿಯೊಂದು ಅನುರೂಪ ಕೋನವೂ ಸಮನಾಗಿರಬೇಕು, ಪ್ರತಿಯೊಂದು ಅನುರೂಪ ಬಾಹುವೂ ಒಂದೇ ಅನುಪಾತದಲ್ಲಿರಬೇಕು. ಒಂದು ತಪ್ಪಿದರೂ ಇಲ್ಲ. ನಮ್ಮ ಕಣ್ಣು ಅಷ್ಟು ಕಟ್ಟುನಿಟ್ಟಲ್ಲ. ಅದು ಹುಡುಕುವುದು ನಾಲ್ಕೈದು ಗುರುತು ಮತ್ತು ಅವುಗಳ ಜಾಗ: ವೃತ್ತಗಳ ಕೆಳಗೆ ಮೀಸೆ, ಮೀಸೆಯ ಕೆಳಗೆ ಚೌಕಳಿ. ಅವು ಇದ್ದರೆ ಉಳಿದದ್ದನ್ನು ನೆನಪು ತುಂಬಿಕೊಳ್ಳುತ್ತದೆ. ಮುದ್ರಕನಿಗೆ ಸಮರೂಪತೆ ಬೇಕು. ನೋಡುವವನಿಗೆ ಗುರುತು ಸಾಕು. ಒಂದು ಚಿತ್ರ ಜನರ ನಡುವೆ ಬದುಕಬೇಕಾದರೆ, ಕೆಟ್ಟದಾಗಿ ನಕಲಾದರೂ ಸಾಯದಂತಿರಬೇಕು. ಬೋರ್ಡ್ ಬರೆಯುವವರು, ಗೋಡೆಗೆ ಬಣ್ಣ ಬಳಿಯುವವರು, ಬೆಂಚಿನ ಮೇಲೆ ಕಂಪಾಸಿನಿಂದ ಕೆತ್ತುವವರು ಎಲ್ಲರ ಕೈಯಲ್ಲೂ ಅದು ಉಳಿಯಬೇಕು. ಮೂಲವನ್ನು ಬರೆದವರ ಕೈಯಲ್ಲಿ ಮಾತ್ರ ಚೆನ್ನಾಗಿ ಬರುವ ಚಿತ್ರ ಒಳ್ಳೆಯ ಚಿತ್ರವಾಗಿರಬಹುದು, ಲಾಂಛನವಾಗಲಾರದು. ಹಾಗೆಂದಾಗ ಹುಡುಗಿಯೊಬ್ಬಳು ಕೇಳಿದಳು: ಹಾಗಾದರೆ ಕೋತಿ ಸೋತಿತು, ಆದರೂ ಅಂಗಿಗಳ ಮೇಲೆ ಹೇಗಿದೆ? ಅದನ್ನು ಜನ ಕೈಯಿಂದ ಬರೆಯುವುದಿಲ್ಲ, ಯಂತ್ರದಿಂದ ಪಡಿಯಚ್ಚು ತೆಗೆಯುತ್ತಾರೆ ಎಂದು ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

ಉತ್ತರ ಕೊಟ್ಟವನು ಹುಟ್ಟುಹಬ್ಬದ ಹುಡುಗ. ಎರಡು ದಿನದಲ್ಲಿ ಅವನು ಮಾತಾಡಿದ್ದು ಅದೇ ಮೊದಲು. ಅವನ ಸೋದರಮಾವ ಕಾಮಾಕ್ಷಿಪಾಳ್ಯದ ಕಡೆ ಸ್ಕ್ರೀನ್ ಪ್ರಿಂಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರಂತೆ. ರಜೆಯಲ್ಲಿ ಇವನೂ ಹೋಗಿ ಅಂಗಿ ಒಣಹಾಕುತ್ತಾನೆ. "ಒಂದು ಕಲರ್‌ಗೆ ಒಂದು ಫ್ರೇಮ್ ಮಿಸ್. ನಾಲ್ಕು ಕಲರ್ ಇದ್ರೆ ನಾಲ್ಕು ಫ್ರೇಮ್. ಒಂದು ಚೂರು ಜರುಗಿದ್ರೂ ಪೀಸ್ ವೇಸ್ಟ್." ಬೋರ್ಡಿನ ಹತ್ತಿರ ಕರೆದೆ, ಈ ಸಲ ಮೊದಲೇ "ಬರ್ತೀಯಾ?" ಎಂದು ಕೇಳಿ. ಚೌಕಟ್ಟಿಗೆ ಬಿಗಿದ ನವಿರಾದ ಜಾಲರಿ ಬಟ್ಟೆ, ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ, ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಟ್ಟರೆ ಚಿತ್ರದ ಜಾಗ ಮಾತ್ರ ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗುವುದು, ಆ ತೂತುಗಳ ಮೂಲಕ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುವುದು. ಎಲ್ಲವನ್ನೂ ಚಿತ್ರ ಬಿಡಿಸಿ ವಿವರಿಸಿದ. ಬೆಳಕು ಸೋಕಿದ್ದು ಗಟ್ಟಿಯಾಗುತ್ತದೆ, ಸೋಕದ್ದು ಕರಗುತ್ತದೆ ಎಂಬುದನ್ನು ರಸಾಯನಶಾಸ್ತ್ರ ಓದಿದ ನಾನು ಅಷ್ಟು ಸರಳವಾಗಿ ಹೇಳುತ್ತಿರಲಿಲ್ಲ.

ಅವನ ವಿವರಣೆಯಿಂದ ಎರಡು ಲೆಕ್ಕ ಹುಟ್ಟಿದವು. ಎದೆಯ ಚಿತ್ರದ ಉದ್ದ, ಅಗಲ ಎರಡನ್ನೂ ಇಮ್ಮಡಿ ಮಾಡಿದರೆ ಬಣ್ಣ ಎಷ್ಟು ಬೇಕು? ಹೆಚ್ಚಿನವರು ಎರಡು ಪಟ್ಟು ಎಂದರು. ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸಿದ ಮೇಲೆ ನಾಲ್ಕು ಪಟ್ಟು ಎಂದು ಒಪ್ಪಿದರು. ಎರಡನೆಯದು, ಒಂದು ಬಣ್ಣದ ಚಿತ್ರಕ್ಕೂ ನಾಲ್ಕು ಬಣ್ಣದ ಚಿತ್ರಕ್ಕೂ ಖರ್ಚು ಹೇಗೆ ಬೇರೆಯಾಗುತ್ತದೆ. ಇಲ್ಲಿ ಮಕ್ಕಳಿಗೆ ತಾವಾಗಿಯೇ ಹೊಳೆದದ್ದು: ಹೆಸರಾದ ಚಿತ್ರಗಳಲ್ಲಿ ಬಣ್ಣ ಕಡಿಮೆ, ಗೆರೆ ದಪ್ಪ. ದಪ್ಪ ಗೆರೆ ಇದ್ದರೆ ಬಣ್ಣ ಸ್ವಲ್ಪ ಜರುಗಿದರೂ ಗೆರೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ತಕ್ಷಣ ಒಬ್ಬ, "ಆಟೋ ಹಿಂದೆ ಇರೋ ಹನುಮಾನ್ ಎರಡೇ ಕಲರ್ ಮಿಸ್," ಎಂದ. ಮಾಗಡಿ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಆ ಚಿತ್ರ ಕಾಣದೆ ಇರದು. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ತಮ್ಮ ಊರಿನ ಗೆಳೆಯರ ಬಾವುಟಕ್ಕೆಂದು ಮಾಡಿಕೊಟ್ಟದ್ದು, ಕಪ್ಪು ಮತ್ತು ಕೇಸರಿ. ಮೊಬೈಲ್‌ಗಳಿಗೆ, ಕಾರಿನ ಹಿಂದಿನ ಗಾಜಿಗೆ, ಟೀ ಶರ್ಟುಗಳಿಗೆ ಹಬ್ಬಿತು. ನೋಡಿದವರು ಕೋಪದ ಹನುಮಂತ ಎಂದರು. ತಾನು ತೋರಿಸಹೊರಟದ್ದು ಕೋಪವನ್ನಲ್ಲ, ಗತ್ತನ್ನು ಎಂದು ಕಲಾವಿದರು ಹೇಳಿದ್ದಾರೆ. ಆ ಚಿತ್ರದ ಸುತ್ತ ನಡೆದ ರಾಜಕೀಯದ ಚರ್ಚೆಯನ್ನು ನಾನು ತರಗತಿಗೆ ತರಲಿಲ್ಲ; ಗೆರೆ ಮತ್ತು ಬಣ್ಣಕ್ಕೆ ಮಾತು ನಿಲ್ಲಿಸಿದೆ. ಅದು ಸರಿಯಾದ ತೀರ್ಮಾನವೋ ಅಂಜಿಕೆಯೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಒಂದು ಸಂಗತಿಯನ್ನು ಹೇಳಿದೆ: ಒಂದು ಚಿತ್ರ ಊರೆಲ್ಲ ಹರಡಿದ ಮೇಲೆ ಅದರ ಅರ್ಥ ಬರೆದವರ ಕೈಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ಅಳತೆಯ ಚಟುವಟಿಕೆಯನ್ನು ಜೀವಶಾಸ್ತ್ರದಿಂದ ತೆಗೆದುಕೊಂಡೆ. ನವಜಾತ ಶಿಶುವಿನ ತಲೆ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ, ವಯಸ್ಕರದು ಸುಮಾರು ಎಂಟನೆಯ ಒಂದು. ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮಗೆ ಮುದ್ದು ಬರುತ್ತದೆ ಎಂದು ಕಾನ್ರಾಡ್ ಲೊರೆನ್ಸ್ 1943ರಲ್ಲಿ ವಾದಿಸಿದ್ದರು. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರ ಪ್ರಬಂಧವೊಂದರಲ್ಲಿ ಮಿಕ್ಕಿ ಮೌಸನ್ನು ಕ್ಯಾಲಿಪರ್ ಹಿಡಿದು ಅಳೆದರು. 1928ರಲ್ಲಿ ತೆರೆಗೆ ಬಂದ ಇಲಿಯ ತಲೆ ದಶಕಗಳಲ್ಲಿ ದೇಹದ ಉದ್ದದ ಶೇಕಡಾ 43ರಷ್ಟರಿಂದ 48ರಷ್ಟಕ್ಕೆ ಬೆಳೆದಿತ್ತು. ವಯಸ್ಸಾಗುತ್ತ ಅದು ಮಗುವಾಯಿತು. ಮಕ್ಕಳು ತಮ್ಮ ತಲೆಯನ್ನೂ ಎತ್ತರವನ್ನೂ ಅಳೆದು, ನಂತರ ಗಟ್ಟುವಿನ ಚಿತ್ರ ಅಳೆದರು. ಗಟ್ಟುವಿನ ಅನುಪಾತ ಮಗುವಿನದಕ್ಕೂ ದೊಡ್ಡದಾಗಿ ಬಂತು. ನಾನು ಕೈಯಿಂದ ಬರೆದ ಪ್ರತಿಯಾದ್ದರಿಂದ ಅಂಕಿಯನ್ನು ಇಲ್ಲಿ ಕೊಡುತ್ತಿಲ್ಲ. ಈ ಚಟುವಟಿಕೆಗೆ ಸಮಯ ಸಾಲಲಿಲ್ಲ. ಮಾಡುವವರು ಇದಕ್ಕೇ ಒಂದು ಪೂರ್ತಿ ಅವಧಿ ಇಟ್ಟುಕೊಳ್ಳಿ.

ಮನೆಗೆಲಸ: ಹೆಸರು ಹೇಳದೆ ಎರಡೂ ಚಿತ್ರವನ್ನು ಮನೆಯವರಿಗೆ ತೋರಿಸಿ, ಯಾರೆಂದು ಕೇಳಿ ಬರೆದುಕೊಂಡು ಬರುವುದು. ತರಗತಿಯಲ್ಲಿ ಗಟ್ಟುವಿನ ಪರಿಚಯವಿದ್ದವರು ಒಬ್ಬರೂ ಇರಲಿಲ್ಲ. ಶ್ರೀಸಾಮಾನ್ಯನನ್ನು ಇಬ್ಬರು ಮೂವರು ಗುರುತಿಸಿದ್ದರು. ಮನೆಯಿಂದ ಬಂದ ಉತ್ತರಗಳು ಬೇರೆ. ಪೇಂಟಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ತಾತ ಗಟ್ಟುವಿನ ಕಥೆಯನ್ನು ಅರ್ಧ ಗಂಟೆ ಹೇಳಿದರಂತೆ. ಓದು ಬಾರದ ಅಜ್ಜಿಯೊಬ್ಬರು, "ಬಣ್ಣದ ಡಬ್ಬಿ ಹುಡುಗ," ಎಂದರು. ಕಂಪನಿಗೆ ಬೇಕಿದ್ದದ್ದೂ ಇದೇ. ಟಿವಿ ಇಲ್ಲದ ಕಾಲದಲ್ಲಿ ಸಣ್ಣ ಊರಿನ ಅಂಗಡಿಯಲ್ಲಿ ಹೆಸರು ಓದಲಾಗದವರೂ ಬೊಟ್ಟುಮಾಡಿ ಕೇಳಬಹುದಾದ ಗುರುತು. 1967ರ ಹೊತ್ತಿಗೆ ಏಷ್ಯನ್ ಪೇಂಟ್ಸ್ ದೇಶದ ಅತಿ ದೊಡ್ಡ ಬಣ್ಣದ ಕಂಪನಿಯಾಗಿತ್ತು. ಅದಕ್ಕೆ ಗಟ್ಟುವೊಬ್ಬನೇ ಕಾರಣ ಎನ್ನುವುದು ಅತಿಯಾದೀತು. ಊರೂರಿಗೆ ಸರಕು ತಲುಪಿಸುವ ವ್ಯವಸ್ಥೆ ಇಲ್ಲದಿದ್ದರೆ ಅವನು ಎಲ್ಲಿ ಕಾಣಿಸಿಕೊಳ್ಳುತ್ತಿದ್ದ? 2000ದ ದಶಕದ ಆರಂಭದಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು. ನನ್ನ ತರಗತಿಗೆ ಅವನು ಅಪರಿಚಿತನಾಗಲು ಅಷ್ಟು ಸಾಕಾಯಿತು.

ಶ್ರೀಸಾಮಾನ್ಯನ ದಾರಿ ಬೇರೆ. ಅವನು ಯಾವ ಸರಕನ್ನೂ ಮಾರಲು ಹುಟ್ಟಿದವನಲ್ಲ. ದಿನವೂ ಅದೇ ಮೂಲೆಯಲ್ಲಿ, ಒಂದು ಮಾತೂ ಆಡದೆ, ನಿಂತು ನೋಡುತ್ತಿದ್ದ. ಮಾತಾಡದವನ ಬಾಯಿಗೆ ಓದುಗರು ತಮ್ಮ ಮಾತನ್ನೇ ಇಟ್ಟುಕೊಂಡರು. 1988ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2001ರಲ್ಲಿ ಪುಣೆಯಲ್ಲಿ ಕಂಚಿನ ಪ್ರತಿಮೆಯಾದ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ನಮ್ಮ ಬೆಂಗಳೂರಿನಿಂದ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಸಂಸ್ಥೆ ಆರಂಭಿಸಿದಾಗ ಅದರ ಮಸ್ಕಾಟ್ ಆಗಿ ಆರಿಸಿಕೊಂಡದ್ದು ಈ ಪಂಚೆಯವನನ್ನೇ. ಹೊಸ ಮಸ್ಕಾಟ್ ಸೃಷ್ಟಿಸಿ ಜನರಿಗೆ ಪರಿಚಯಿಸುವ ಖರ್ಚೇ ಇಲ್ಲ. ಅರ್ಧ ಶತಮಾನದ ಪರಿಚಯ ಮೊದಲೇ ಇತ್ತು. ಸಂಸ್ಥೆ ಮುಂದೆ ಕಿಂಗ್‌ಫಿಶರ್ ಕೈಸೇರಿ ಹೆಸರು, ಬಣ್ಣ ಎರಡೂ ಬದಲಾದವು. ವಿಮಾನದಿಂದ ಇಳಿದ ಶ್ರೀಸಾಮಾನ್ಯನಿಗೆ ಏನೂ ಆಗಲಿಲ್ಲ.

ಕೊನೆಗೆ ಆ ಹುಡುಗಿ ಮತ್ತೆ: "ನಕಲು ಮಾಡಿದ್ರಿಂದ ಫೇಮಸ್ ಆಗುತ್ತೆ ಅಂದ್ರಿ. ಆದ್ರೆ ನಕಲು ಮಾಡೋದು ತಪ್ಪಲ್ವಾ ಮಿಸ್? ಬರೆದವರಿಗೆ ದುಡ್ಡು?" ನಾನು ತಪ್ಪು ಎಂದೇ ಹೇಳಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿಯ ಜೊತೆಗೆ, ಅವರು ತೀರಿದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು. ಹಕ್ಕು ಎಂದು ಮುಗಿಯುತ್ತದೆ ಎಂದು ಲೆಕ್ಕ ಹಾಕಿದರು: 2075ರ ಕೊನೆಗೆ. "ಆಗ ನಮಗೆ ಅರವತ್ತೈದು ದಾಟಿರುತ್ತೆ," ಎಂದು ಯಾರೋ ಅಂದರು. ತಪ್ಪು ಎಂದಾಗ ನಾನು ಹುಟ್ಟುಹಬ್ಬದ ಹುಡುಗನ ಕಡೆ ನೋಡಲಿಲ್ಲ. ತಪ್ಪು ಅಂಗಿ ಹಾಕಿಕೊಂಡವನದಲ್ಲ ಎಂಬ ಒಂದು ವಾಕ್ಯ ಸೇರಿಸಬೇಕಿತ್ತು. ಅದು ನೆನಪಾದದ್ದು ಬಸ್ಸಿನಲ್ಲಿ. ಮರುದಿನ ಅವನನ್ನು ಕರೆದು ಹೇಳಿದೆ, ಮೊದಲ ದಿನದ ಪ್ರಶ್ನೆಗೆ ಕ್ಷಮೆಯನ್ನೂ ಕೇಳಿದೆ. "ಇರ್ಲಿ ಬಿಡಿ ಮಿಸ್," ಎಂದ. ಆಮೇಲೆ, "ಅದು ಎರಡು ಫ್ರೇಮಿನ ಪ್ರಿಂಟು. ಅಂಚು ನೋಡಿ, ಚೆನ್ನಾಗಿ ಕೂತಿದೆ," ಎಂದೂ ಹೇಳಿದ.

ಘಟಕ ಪರೀಕ್ಷೆಯಲ್ಲಿ ಸಮರೂಪತೆಯ ವ್ಯಾಖ್ಯೆಯನ್ನು ಹೆಚ್ಚಿನವರು ಸರಿಯಾಗಿ ಬರೆದರು. 'ಸಮರೂಪವಲ್ಲದ ಆದರೆ ಒಂದೇ ಎಂದು ಗುರುತಿಸಬಹುದಾದ ಎರಡು ಚಿತ್ರಗಳಿಗೆ ಉದಾಹರಣೆ ಕೊಡಿ' ಎಂಬ ಪ್ರಶ್ನೆಗೆ ಬಂದ ಉತ್ತರಗಳು ಅದಕ್ಕಿಂತ ಚೆನ್ನಾಗಿದ್ದವು. ಮೂರನೆಯ ಪಾಠದ ವೀಕ್ಷಣೆಯಲ್ಲಿ ಮೇಡಂ 'ಸಮಯ ನಿರ್ವಹಣೆ ಸುಧಾರಿಸಬೇಕು' ಎಂದು ಬರೆದಿದ್ದಾರೆ, ಅದು ನಿಜ. ಮೂರು ಸಾಲುಗಳ ಹಾಳೆಗಳನ್ನು ಶಾಲೆಯ ಗಣಿತ ಕೊಠಡಿಯಲ್ಲಿ ಬಿಟ್ಟು ಬಂದಿದ್ದೇನೆ, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಬಳಸಬಹುದು. ಕೋತಿಯ ಸಾಲಿನಲ್ಲಿ ಎಂಟನೆಯ ಹಾಳೆ ಸಿಗುವುದಿಲ್ಲ. ಗಡ್ಡದ ತಾತನನ್ನು ಮಾವನ ಶೆಡ್ಡಿನಲ್ಲಿ ಒಂದು ಹಳೆಯ ಬನಿಯನ್ ಮೇಲೆ ಅಚ್ಚು ಹಾಕಿ ನೋಡುತ್ತೇನೆಂದು ಆ ಹುಡುಗ ನನ್ನನ್ನು ಕೇಳಿಯೇ ತೆಗೆದುಕೊಂಡು ಹೋದ.